ಕೆಳಗಿನ ಮನೆಯಲ್ಲೂ ಸ್ವಾಸ್ತ್ಯ

ನಮ್ಮ ಚರ್ಚಿನ ಸಭೆಯಲ್ಲಿ ಯಾರನ್ನಾದರೂ ತೋರಿಸಿ ‘ದೇವರು ಅವರನ್ನು ತುಂಬಾ ಆಶೀರ್ವದಿಸಿದ್ದಾರೆ’ ಎಂದರೆ ಅವರು ಸೈಟು ಕೊಂಡಿದ್ದಾರೆ ಎಂದರ್ಥ. ‘ಇನ್ನೂ ಹೆಚ್ಚಾಗಿ ಆಶೀರ್ವದಿಸಿದ್ದಾರೆ’ ಎಂದರೆ ಆ ಸೈಟಿನ ಮೇಲೆ ಡೂಪ್ಲೆಕ್ಸ್ ಎದ್ದಿದೆ. ಕಾರಿಗೂ ಅದೇ ಮಾತು, ಮಗನ ವೀಸಾಕ್ಕೂ ಅದೇ ಮಾತು. ಮನೆಯಲ್ಲಿ ಜ್ವರ ಬಿಟ್ಟರೆ, ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಮತ್ತೆ ಒಂದೇ ಬೆಂಚಿನಲ್ಲಿ ಕೂತರೆ ಅಷ್ಟು ದೊಡ್ಡ ಮಾತನ್ನು ಯಾರೂ ಎತ್ತುವುದಿಲ್ಲ. ಯಾರೂ ಕಲಿಸದೆ ನಾವೆಲ್ಲ ಕಲಿತುಕೊಂಡ ಭಾಷೆ ಇದು. ನಾನೂ ಚೆನ್ನಾಗಿಯೇ ಕಲಿತಿದ್ದೆ, ಮತ್ತು ಆ ಭಾಷೆಯ ಪ್ರಕಾರ ನನಗೂ ನನ್ನ ಯಜಮಾನರಿಗೂ ಇನ್ನೂ ಆಶೀರ್ವಾದ ಬಂದಿರಲಿಲ್ಲ.

ಸುಬ್ರಹ್ಮಣ್ಯಪುರದ ಒಂದು ಅಡ್ಡರಸ್ತೆಯಲ್ಲಿ, ಇಪ್ಪತ್ತು ಮೂವತ್ತರ ಸೈಟಿನಲ್ಲಿ ಕಟ್ಟಿದ ಮನೆಯ ಮೇಲಿನ ಮಹಡಿಯಲ್ಲಿ ನಾವು ಹದಿನೇಳು ವರ್ಷ ಬಾಡಿಗೆಗೆ ಇದ್ದೆವು. ಕೆಳಗೆ ಮನೆಯೊಡತಿ. ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ಸುತ್ತ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ, ಬಸವನಗುಡಿಯ ನೆಂಟರೆಲ್ಲ ‘ಅಷ್ಟು ದೂರ ಯಾರು ಬರ್ತಾರೆ’ ಎಂದು ನಕ್ಕರೂ ಕೇಳದೆ, ಗಂಡ ಹೆಂಡತಿ ಇಬ್ಬರೂ ನಿಂತು ಕಟ್ಟಿಸಿದ ಮನೆಯಂತೆ. ಗಂಡ ನಾವು ಬರುವ ಮೊದಲೇ ತೀರಿಕೊಂಡಿದ್ದರು. ಮಗಳು ಹುಳಿಮಾವಿನಲ್ಲಿದ್ದಾಳೆ. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ, ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು.

ನಾವು ಮಾಂಸ ತಿನ್ನುವವರು, ಅವರು ಈರುಳ್ಳಿಗೂ ದಿನ ನೋಡುವವರು. ಹಾಗಿದ್ದೂ ಹದಿನೇಳು ವರ್ಷದಲ್ಲಿ ಒಂದು ಒರಟು ಮಾತು ಬಂದದ್ದಿಲ್ಲ. ಭಾನುವಾರ ಚರ್ಚಿನಿಂದ ಬಂದು ನಾನು ಕಿಟಕಿ ಮುಚ್ಚಿ ಕೋಳಿ ಸಾರು ಮಾಡಿದರೆ, ಸಂಜೆ ಗೇಟಿನ ಹತ್ತಿರ ಸಿಕ್ಕಾಗ ‘ಏನ್ ಟೀಚರ್, ಇವತ್ತು ಭಾನುವಾರ ಜೋರಾಗಿತ್ತು’ ಎಂದು ಮುಖ ಗಂಟಿಕ್ಕದೆ ಹೇಳುತ್ತಿದ್ದರು. ಯುಗಾದಿಗೆ ಕೆಳಗಿನಿಂದ ಒಬ್ಬಟ್ಟು ಬರುತ್ತಿತ್ತು. ಕ್ರಿಸ್ಮಸ್ಸಿಗೆ ನಾನು ಅವರಿಗೆಂದೇ ಮೊಟ್ಟೆಯಿಲ್ಲದೆ ಒಂದು ಡಬ್ಬಿ ಕಲಕಲ ಎಂಬ ಸಿಹಿತಿಂಡಿ ಕರಿದು ಕೊಡುತ್ತಿದ್ದೆ. ಆದರೂ ಪ್ರತಿವರ್ಷ ‘ಮೊಟ್ಟೆ ಹಾಕಿಲ್ಲ ತಾನೇ’ ಎಂದು ಕೇಳಿಯೇ ತೆಗೆದುಕೊಳ್ಳುತ್ತಿದ್ದರು.

ಇಷ್ಟು ಚೆನ್ನಾಗಿದ್ದರೂ ಅದು ನಮ್ಮ ಮನೆಯಲ್ಲ ಎಂಬುದು ನನ್ನ ಹೊಟ್ಟೆಯಲ್ಲಿ ಕೂತಿತ್ತು. ಸಭೆಯವರ ಯಾರದೇ ಹೊಸಮನೆ ಪ್ರತಿಷ್ಠೆಗೆ ಹೋದರೂ ಪಾದ್ರಿ ಅಯ್ಯನವರು ಒಂದೊಂದು ಕೋಣೆಗೂ ನಿಂತು ಪ್ರಾರ್ಥಿಸುವಾಗ ನಾನು ಕಣ್ಣು ಅರೆ ತೆರೆದು ಗೋಡೆಯ ಬೀರು, ಅಡುಗೆಮನೆಯ ಕಲ್ಲು, ನೆಲದ ಟೈಲ್ಸು ನೋಡುತ್ತಿದ್ದೆ. ಬಿರಿಯಾನಿ ತಿಂದು, ಮನೆಯವರ ಕೈ ಹಿಡಿದು ‘ದೇವರಿಗೆ ಸ್ತೋತ್ರ’ ಎಂದು ನಕ್ಕು, ಬಸ್ಸಿನಲ್ಲಿ ಕೂತ ಮೇಲೆ ಯಜಮಾನರಿಗೆ ಆ ಮನೆಯ ಕುಂದುಕೊರತೆಗಳನ್ನೆಲ್ಲ ಒಪ್ಪಿಸುತ್ತಿದ್ದೆ. ಅವರು ಸಾರಿಗೆ ಸಂಸ್ಥೆಯಲ್ಲಿ ಗುಮಾಸ್ತರಾಗಿದ್ದವರು, ಮಾತು ಕಡಿಮೆ. ‘ನಿನಗೆ ಹೊಟ್ಟೆಕಿಚ್ಚು ಕಣೇ’ ಎಂದು ಒಮ್ಮೆ ಹೇಳಿದ್ದರು. ನಿಜ ಹೇಳಿದವರ ಮೇಲೆ ಬರುವ ಸಿಟ್ಟು ಅವತ್ತು ನನಗೆ ಬಂತು.

ಒಂದು ಬೆಳಿಗ್ಗೆ, ಗೌರಿ ಹಬ್ಬ ಕಳೆದು ಎರಡು ವಾರದ ಮೇಲೆ, ಆಂಟಿ ನನ್ನನ್ನು ಕೆಳಗೆ ಕರೆದು ಕಾಫಿ ಕೊಟ್ಟರು. ಮನೆ ಮಾರಿ ಮಗಳ ಹತ್ತಿರ ಹೋಗುತ್ತೇನೆ ಎಂದರು. ಹೊರಗಿನವರಿಗೆ ತಿಳಿಸುವ ಮೊದಲು ನಮಗೆ ಹೇಳುತ್ತಿರುವುದಾಗಿಯೂ, ಕೊಳ್ಳುವ ಮನಸ್ಸಿದ್ದರೆ ದೀಪಾವಳಿಯವರೆಗೆ ಕಾಯುವುದಾಗಿಯೂ ಹೇಳಿದರು. ಯಾಕೆ ಮಾರುತ್ತೀರಿ ಎಂದು ನಾನು ಕೇಳಲಿಲ್ಲ. ಬೆಲೆ ಎಷ್ಟು ಎಂದು ಕೇಳಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಯಜಮಾನರ ನಿವೃತ್ತಿಯ ಹಣ, ಊರಿನಲ್ಲಿ ಅವರ ಪಾಲಿನ ಜಮೀನು, ನನ್ನ ಸಂಬಳದ ಮೇಲೆ ಸಿಗುವ ಸಾಲ ಎಲ್ಲ ಸೇರಿಸಿದರೂ ಬೆಲೆಯ ಮುಕ್ಕಾಲು ಪಾಲಷ್ಟೇ ಮುಟ್ಟುತ್ತಿತ್ತು. ಉಳಿದ ಕಾಲು ಪಾಲನ್ನು ದೇವರು ಕೊಡಬೇಕು ಎಂದು ನಾನು ತೀರ್ಮಾನಿಸಿಬಿಟ್ಟೆ. ಆ ವಾರ ಶುಕ್ರವಾರದ ಗೃಹಪ್ರಾರ್ಥನೆ ನಮ್ಮ ಮನೆಯಲ್ಲೇ ಇತ್ತು. ನಡೆಸುವವರು ನಮ್ಮ ಸಭೆಯ ಹಿರಿಯರೊಬ್ಬರು. ಎಪ್ಪತ್ತು ದಾಟಿದವರು, ಕಾರ್ಖಾನೆಯಲ್ಲಿ ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ಬೆಳೆಸಿಕೊಂಡ ಗಂಟಲು ಅವರದು. ಮೈಕು ಕೊಟ್ಟರೂ ಪಕ್ಕಕ್ಕಿಡುತ್ತಾರೆ. ಪ್ರಾರ್ಥನೆಗೆ ಮೊದಲು ಅವರನ್ನು ಅಡುಗೆಮನೆ ಬಾಗಿಲಿಗೆ ಕರೆದು ವಿಷಯ ಹೇಳಿದೆ. ಮೇಲಿನ ಮಹಡಿ ಮಾತ್ರವೋ ಪೂರ್ತಿ ಮನೆಯೋ ಎಂದು ಕೇಳಿದರು. ಪೂರ್ತಿ ಮನೆ ಎಂದೆ. ಕೇಳುವುದೇ ಆದರೆ ಧಾರಾಳವಾಗಿ ಕೇಳೋಣ ಬಿಡಮ್ಮ ಎಂದರು.

ಇಲ್ಲಿ ಒಂದು ಪದದ ಬಗ್ಗೆ ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳು. ‘ಧನ ಸಂಪಾದಿಸಬೇಕು’ ಎಂದು ಬರೆಯಲು ಹೋಗಿ ‘ದನ ಸಂಪಾದಿಸಬೇಕು’ ಎಂದು ಬರೆದ ಮಕ್ಕಳ ಅಂಕ ಕತ್ತರಿಸಿಯೇ ನನ್ನ ಅರ್ಧ ಆಯಸ್ಸು ಕಳೆದಿದೆ. ನಮ್ಮ ಕ್ರೈಸ್ತರ ಕನ್ನಡದಲ್ಲಿ ‘ಸ್ವಾಸ್ತ್ಯ’ ಎಂಬ ಪದವಿದೆ. ಪಾಲಿಗೆ ಬಂದ ಆಸ್ತಿ, ಹಕ್ಕಾಗಿ ದೊರೆತ ನೆಲ ಎಂದು ಅದರ ಅರ್ಥ. ಚರ್ಚಿನ ಹೊರಗೆ ಆ ಪದವನ್ನು ಯಾರೂ ಬಳಸಿದ್ದು ನಾನು ಕೇಳಿಲ್ಲ. ಹೊರಗಿನವರಿಗೆ ಗೊತ್ತಿರುವುದು ‘ಸ್ವಾಸ್ಥ್ಯ’. ಅದಕ್ಕೆ ಅರ್ಥ ಆರೋಗ್ಯ. ಎರಡರ ನಡುವೆ ಇರುವುದು ಒಂದೇ ಒಂದು ಮಹಾಪ್ರಾಣ, ಮತ್ತು ನಮ್ಮ ಹಿರಿಯರ ಬಾಯಲ್ಲಿ ಮಹಾಪ್ರಾಣಕ್ಕೂ ಅಲ್ಪಪ್ರಾಣಕ್ಕೂ ಭೇದವಿಲ್ಲ.

ಅವತ್ತು ಅವರು ಎರಡೂ ಕೈ ಎತ್ತಿ ಪ್ರಾರ್ಥಿಸಿದರು. ‘ಕರ್ತನೇ, ಮೇಲಿನ ಮನೆಯಲ್ಲಿ ಮಾತ್ರವಲ್ಲ, ಕೆಳಗಿನ ಮನೆಯಲ್ಲೂ ಸ್ವಾಸ್ತ್ಯವನ್ನು ದಯಪಾಲಿಸು.’ ಒಂದು ಸಲವಲ್ಲ, ಮೂರು ಸಲ. ಸೆಕೆಗೆ ಕಿಟಕಿಗಳೆಲ್ಲ ತೆರೆದಿದ್ದವು. ನಾನು ಎಲ್ಲರಿಗಿಂತ ಜೋರಾಗಿ ಆಮೆನ್ ಎಂದೆ.

ಮಾರನೆಯ ಬೆಳಿಗ್ಗೆ ಆಂಟಿ ಮೆಟ್ಟಿಲು ಹತ್ತಿ ಮೇಲೆ ಬಂದರು. ಬಾಡಿಗೆಗೂ ನಮ್ಮನ್ನು ಕೆಳಗೇ ಕರೆಯುವವರು, ಹಾಗೆ ಬಂದವರಲ್ಲ. ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ‘ಟೀಚರ್, ನಿಮಗೆ ಯಾರು ಹೇಳಿದ್ರು?’ ಎಂದರು.

ಅವರ ಮನೆಯನ್ನು ನಾವು ದೇವರ ಹೆಸರಿನಲ್ಲಿ ಬರೆಸಿಕೊಳ್ಳಲು ಹೊರಟದ್ದು ಕೇಳಿಸಿಬಿಟ್ಟಿದೆ, ಈಗ ಇವರು ‘ಖಾಲಿ ಮಾಡಿ’ ಎನ್ನುತ್ತಾರೆ ಎಂದುಕೊಂಡೆ. ಏನು ಆಂಟಿ ಎಂದು ತೊದಲಿದೆ.

‘ನನ್ನ ವಿಷಯ. ಮಗಳು ಬಿಟ್ರೆ ಯಾರಿಗೂ ಹೇಳಿಲ್ಲ ನಾನು. ಭಜನೆಯವರಿಗೂ ಹೇಳಿಲ್ಲ.’

ಆಮೇಲೆ ತಾವೇ ಎಲ್ಲ ಹೇಳಿದರು. ಎಡ ಎದೆಯಲ್ಲಿ ಗಂಟು ಸಿಕ್ಕಿತ್ತು. ಸೂಜಿ ಹಾಕಿ ಪರೀಕ್ಷೆ ಮಾಡಿದ್ದರು, ಒಳ್ಳೆಯದಲ್ಲ ಎಂದು ಬಂದಿತ್ತು. ದೀಪಾವಳಿ ಕಳೆದ ಕೂಡಲೇ ಆಪರೇಷನ್. ಮನೆ ಮಾರುವುದು, ಹುಳಿಮಾವಿಗೆ ಹೋಗುವುದು ಎಲ್ಲ ಅದಕ್ಕೇ. ಹಿಂದಿನ ಸಂಜೆ ಅವರು ಗೇಟಿನ ಪಕ್ಕದ ಕುರ್ಚಿಯಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದಾಗ, ಕೆಳಗಿನ ಮನೆಯಲ್ಲೂ ಸ್ವಾಸ್ಥ್ಯ ಕೊಡು ಎಂದು ಯಾರೋ ಗೊತ್ತಿಲ್ಲದವರು ದೇವರನ್ನು ಕೇಳುವುದು ಕಿವಿಗೆ ಬಿತ್ತಂತೆ. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತು. ಹದಿನೇಳು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

‘ಪ್ರತಿ ಶುಕ್ರವಾರ ಹೀಗೇ ಕೇಳ್ಕೊಳ್ಳಿ ಟೀಚರ್. ನಿಮ್ಮ ದೇವರಿಗೆ ನೀವು ಹೇಳಿ, ನಮ್ಮ ದೇವರಿಗೆ ನಾನು ಹೇಳ್ತೀನಿ. ಎರಡೂ ಕಡೆ ಅರ್ಜಿ ಇರ್ಲಿ.’

ಖಂಡಿತ ಆಂಟಿ ಎಂದು ಅವರ ಕೈ ಹಿಡಿದುಕೊಂಡೆ. ಅವರು ಇಳಿದು ಹೋದ ಮೇಲೆ ಬಾಲ್ಕನಿಗೆ ಹೋಗಿ ನಿಂತೆ. ಎರಡು ತಿಂಗಳಿಂದ ಅವರು ಒಗೆದ ಬಟ್ಟೆಯನ್ನು ಎತ್ತರದ ತಂತಿಗೆ ಹಾಕದೆ ಕಾಂಪೌಂಡಿನ ಗೋಡೆಯ ಮೇಲೆಯೇ ಹರವುತ್ತಿದ್ದರು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ತೋಳು ಎತ್ತಲು ನೋವಿರಬಹುದು ಎಂದು ಹೊಳೆಯಲಿಲ್ಲ. ಗೋಡೆಯ ಬಣ್ಣ ಹಾಳಾಗುತ್ತದಲ್ಲ, ನಾವು ಕೊಂಡ ಮೇಲೆ ಮತ್ತೆ ಬಳಿಸಬೇಕಲ್ಲ ಎಂದು ಯೋಚಿಸಿದ್ದೆ. ನನ್ನನ್ನು ಕಂಡರೆ ನನಗೇ ನಾಚಿಕೆಯಾಯಿತು.

ಹಿರಿಯರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ‘ಹಾಗಾದ್ರೆ ಇನ್ಮೇಲೆ ಆ ತಾಯಿ ಕೇಳಿಸ್ಕೊಂಡ ಹಾಗೇನೇ ಪ್ರಾರ್ಥನೆ ಮಾಡೋಣಮ್ಮ’ ಎಂದರು. ಮನೆಯ ವಿಷಯ ಏನು ಮಾಡುತ್ತೀ ಎಂದು ಕೊನೆಯಲ್ಲಿ ಕೇಳಿದರು. ಶುಕ್ರವಾರ ಸ್ವಲ್ಪ ಬೇಗ ಬನ್ನಿ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಮುಂದಿನ ಶುಕ್ರವಾರದಿಂದ ಪ್ರಾರ್ಥನೆ ನಮ್ಮ ಮನೆಯಲ್ಲೇ ಎಂದಾಯಿತು. ಹಿರಿಯರು ಅರ್ಧ ಗಂಟೆ ಮೊದಲೇ ಬಂದು ನನ್ನ ಮುಂದೆ ಕೂತು ಪದ ಕಲಿತರು. ಶಾಲೆಯಲ್ಲಿ ಮಕ್ಕಳಿಗೆ ಹೇಳುವ ಹಾಗೆ, ಅಂಗೈ ಬಾಯಿಯ ಮುಂದೆ ಹಿಡಿಯಿರಿ, ‘ಥ’ ಎಂದರೆ ಉಸಿರು ಕೈಗೆ ತಾಕಬೇಕು ಎಂದೆ. ಕಟ್ಟಿಸಿದ ಹಲ್ಲಿನ ಸಂದಿನಿಂದ ಉಸಿರೇನೋ ಬಂತು, ಜೊತೆಗೆ ಶಿಳ್ಳೆಯೂ ಬಂತು. ಯಜಮಾನರು ನಗು ತಡೆಯಲಾರದೆ ಎದ್ದು ಹೋದರು. ಆದರೆ ಪ್ರಾರ್ಥನೆಯ ಹೊತ್ತಿಗೆ ಹಿರಿಯರು ಆ ಪದವನ್ನು ತಪ್ಪಿಲ್ಲದೆ ಹೇಳಿದರು, ಪ್ರತಿ ಸಲ ಹೇಳುವ ಮುನ್ನ ಒಂದು ಕ್ಷಣ ನಿಂತು, ಸಿದ್ಧ ಮಾಡಿಕೊಂಡು. ಕೆಳಗೆ ಕುರ್ಚಿಯ ಸದ್ದು ಕೇಳಿಸುತ್ತಿತ್ತು.

ಆ ಮೊದಲ ಶುಕ್ರವಾರ ನನ್ನ ಬಾಯಿ ಆರೋಗ್ಯ ಕೇಳುತ್ತಿತ್ತು, ಮನಸ್ಸು ಮನೆ ಕೇಳುತ್ತಿತ್ತು. ದೇವರಿಗೆ ಎರಡೂ ಕೇಳಿಸುತ್ತದೆ ಎಂದು ಗೊತ್ತಿದ್ದರೂ ತಡೆಯಲಾಗಲಿಲ್ಲ. ಎರಡನೆಯ ವಾರ, ಕೇಳುವುದನ್ನು ಸರಿಯಾಗಿ ಕೇಳೋಣ ಎಂದು ಕೆಳಗೆ ಹೋಗಿ ಡಾಕ್ಟರು ಏನೆಂದರು ಎಂದು ವಿಚಾರಿಸಿದೆ. ಆಂಟಿಗೆ ಸಾವಿನ ಹೆದರಿಕೆಗಿಂತ ದೊಡ್ಡದೊಂದು ಹೆದರಿಕೆಯಿತ್ತು. ಆಪರೇಷನ್ ಆದ ಮೇಲೆ ಕೆಲವು ದಿನ ತೋಳು ಎತ್ತಲಾಗುವುದಿಲ್ಲವಂತೆ, ಜಡೆ ಹಾಕಿಕೊಳ್ಳುವುದು ಹೇಗೆ, ಮಗಳಿಗೆ ಬಾಚಲು ಬರುವುದಿಲ್ಲ, ಹುಟ್ಟಿದಾಗಿನಿಂದ ಅವಳದು ಬಾಬ್ ಕಟ್. ಅವತ್ತು ಸಂಜೆ ನಾನು ಅವರ ಜಡೆಗಾಗಿಯೂ ಪ್ರಾರ್ಥಿಸಿದೆ. ಅಷ್ಟು ಚಿಕ್ಕದನ್ನು ಅಷ್ಟು ಮನಸ್ಸಿಟ್ಟು ನಾನು ಯಾವತ್ತೂ ಬೇಡಿದವಳಲ್ಲ. ಮೂರನೆಯ ವಾರ ಎಲ್ಲರೂ ಹೋದ ಮೇಲೆ ಟೀ ಲೋಟ ತೊಳೆಯುತ್ತಿದ್ದಾಗ, ಇವತ್ತು ಮನೆಯ ವಿಷಯ ದೇವರ ಮುಂದೆ ಎತ್ತಲೇ ಇಲ್ಲವಲ್ಲ ಎಂದು ನೆನಪಾಯಿತು. ಬೇಕೆಂದು ಬಿಟ್ಟದ್ದಲ್ಲ, ಮರೆತಿದ್ದೆ. ಮನಸ್ಸು ಎಷ್ಟು ಹಗುರವಾಗಿತ್ತೆಂದರೆ ತೊಳೆದ ಲೋಟಗಳನ್ನೇ ಮತ್ತೊಮ್ಮೆ ತೊಳೆದೆ.

ಆ ಹಗುರ ಎರಡೇ ದಿನ ಉಳಿಯಿತು. ದೀಪಾವಳಿಗೆ ಹತ್ತು ದಿನವಿರುವಾಗ ಆಂಟಿ ನಮ್ಮಿಬ್ಬರನ್ನೂ ಕೆಳಗೆ ಕರೆಸಿಕೊಂಡರು. ನಮ್ಮ ಹತ್ತಿರ ಎಷ್ಟಾಗುತ್ತದೆ ಎಂದು ಕೇಳಿದರು. ಯಜಮಾನರು ಇದ್ದದ್ದನ್ನು ಹೇಳಿದರು.

‘ಅಷ್ಟೇ ಕೊಡಿ, ಸಾಕು’ ಎಂದರು ಆಂಟಿ. ‘ಹೊರಗಿನೋರು ಜಾಸ್ತಿ ಕೊಡ್ತಾರೆ, ಗೊತ್ತು. ಆದ್ರೆ ಯಾರೂ ಹೇಳ್ದೇನೇ ನನಗೋಸ್ಕರ ಕೇಳ್ಕೊಂಡೋರು ನೀವು. ಆಪರೇಷನ್‌ಗೆ ಮುಂಚೆ ಅಗ್ರಿಮೆಂಟ್ ಮಾಡ್ಕೊಂಡ್ಬಿಡೋಣ. ಮಗಳಿಗೂ ಹೇಳಿದ್ದೀನಿ.’

ಮೇಲೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಾನು ಕೇಳಿದ್ದ ಕಾಲು ಪಾಲು ಕಣ್ಣೆದುರಿಗೆ ಬಂದು ನಿಂತಿತ್ತು. ಕೈ ಚಾಚಿದರೆ ಸಾಕಿತ್ತು. ಚಾಚಬೇಕಾದರೆ ಹಿರಿಯರು ಮನೆಗಾಗಿ ಪ್ರಾರ್ಥಿಸಿದ ಆ ಶುಕ್ರವಾರದ ಬಗ್ಗೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಾವು ಸುಳ್ಳು ಹೇಳಿಲ್ಲವಲ್ಲ, ಅವರು ಕೇಳಿಸಿಕೊಂಡದ್ದು ಹಾಗೆ, ಏನೂ ಹೇಳಬೇಡ ಎಂದರು ಯಜಮಾನರು. ಅವರ ಬಾಯಲ್ಲಿ ಆ ಮಾತು ಬಂದದ್ದೇ ನನಗೆ ಸಮಾಧಾನವಾಯಿತು, ಯಾಕೆಂದರೆ ನಾನೂ ಅದನ್ನೇ ಯೋಚಿಸುತ್ತಿದ್ದೆ.

ಮೂರು ದಿನ ನಾನು ನನ್ನೊಡನೆಯೇ ವಾದ ಮಾಡಿದೆ. ದೇವರು ಕೆಲಸ ಮಾಡುವುದೇ ಹೀಗಲ್ಲವೇ, ಒಂದು ಅಕ್ಷರದ ಮೂಲಕವೂ ಮಾಡಬಲ್ಲ. ಕಾಯಿಲೆಯಲ್ಲಿರುವ ಹೆಂಗಸಿಗೆ ಈಗ ನಿಜ ಹೇಳಿ, ಇರುವ ಒಂದು ಧೈರ್ಯವನ್ನೂ ಕಿತ್ತುಕೊಳ್ಳುವುದು ಪಾಪವಲ್ಲವೇ. ಈ ಎರಡನೆಯ ವಾದ ಎಷ್ಟು ಪ್ರೀತಿಯದಾಗಿ ಕಾಣುತ್ತಿತ್ತೆಂದರೆ ಅದನ್ನು ನಂಬಿಯೇಬಿಟ್ಟಿದ್ದೆ. ದೇವರು ನಮಗೆ ಹೀಗೆ ಮಾಡಿದ ಎಂದು ಭಾನುವಾರ ಸಭೆಯ ಮುಂದೆ ನಿಂತು ಹೇಳುವ ಸಾಕ್ಷಿಯನ್ನೂ ಮನಸ್ಸಿನಲ್ಲೇ ಬರೆಯಲು ಶುರುಮಾಡಿದೆ. ಕನ್ನಡ ಟೀಚರಲ್ಲವೇ, ಚೆನ್ನಾಗಿಯೇ ಬಂತು. ಆದರೆ ಎಷ್ಟು ಸಲ ಹೇಳಿಕೊಂಡರೂ ಮಧ್ಯದಲ್ಲಿ ಒಂದು ವಾಕ್ಯವನ್ನು ನುಂಗಿಕೊಳ್ಳಬೇಕಾಗುತ್ತಿತ್ತು. ಅದಿಲ್ಲದಿದ್ದರೆ ಸಾಕ್ಷಿ ಸುಂದರವಾಗಿತ್ತು, ಅದು ಬಂದರೆ ನಾನು ಸಿಕ್ಕಿಬೀಳುತ್ತಿದ್ದೆ.

ಹಿರಿಯರನ್ನು ಕೇಳಿದೆ. ಹೀಗೆ ಮಾಡು ಎಂದು ಅವರು ಹೇಳಲಿಲ್ಲ. ಬೈಬಲಿನ ಹಳೆಯ ಕಥೆಯೊಂದನ್ನು ನೆನಪಿಸಿದರು. ವಾಗ್ದಾನದ ನಾಡಿನಲ್ಲಿ ಎಲ್ಲ ಕುಲಗಳಿಗೂ ನೆಲ ಹಂಚುವಾಗ ದೇವರ ಸೇವೆಯ ಕುಲಕ್ಕೆ ಮಾತ್ರ ಪಾಲು ಸಿಗಲಿಲ್ಲ, ನಿಮ್ಮ ಸ್ವಾಸ್ತ್ಯ ನಾನೇ ಎಂದು ದೇವರು ಅವರಿಗೆ ಹೇಳಿದನಂತೆ. ಹೇಳುವಾಗ ‘ಸ್ವಾಸ್ತ್ಯ’ವನ್ನು ಹಳೆಯ ಹಾಗೆ, ಅಲ್ಪಪ್ರಾಣದಲ್ಲೇ ಹೇಳಿದರು. ನನಗೆ ಸಿಟ್ಟು ಬಂತು. ಬನಶಂಕರಿಯಲ್ಲಿ ಮೂರು ಬೆಡ್‌ರೂಮಿನ ಸ್ವಂತ ಮನೆಯಲ್ಲಿರುವವರಿಗೆ ಇಂಥ ಕಥೆ ಹೇಳುವುದು ಸುಲಭ ಎಂದು ಮುಖಕ್ಕೇ ಅಂದೆ. ಅವರಿಗೆ ಬೇಜಾರಾಗಲಿಲ್ಲ. ‘ಹೌದಮ್ಮ, ಅದಕ್ಕೇ ನಾನು ಏನೂ ಹೇಳ್ತಿಲ್ಲ’ ಎಂದರು.

ಮಾರನೆಯ ಬೆಳಿಗ್ಗೆ ಕೆಳಗೆ ಹೋದೆ. ಆಂಟಿ ಹಿಂದಿನ ಬಾಗಿಲ ಹತ್ತಿರ ಮಣೆಯ ಮೇಲೆ ಕೂತು ಹಬ್ಬಕ್ಕೆಂದು ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ನಾನೂ ಒಂದು ದೀಪ ಎತ್ತಿಕೊಂಡೆ. ಕೈಗೆ ಕೆಲಸವಿದ್ದರೆ ಮಾತು ಸಲೀಸಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಹೇಗೋ ಹೇಳಿದೆ. ಪದದ ವಿಷಯ ಹೇಳಿದೆ, ಅವತ್ತು ಅವರ ಕಾಯಿಲೆ ನಮಗೆ ಗೊತ್ತೇ ಇರಲಿಲ್ಲ ಎಂದು ಹೇಳಿದೆ.

‘ಹಾಗಾದ್ರೆ ನೀವು ಕೇಳಿದ್ದು ನನ್ನ ಮನೇನ?’

‘ಹೌದು ಆಂಟಿ.’

‘ಕೆಳಗಿಂದೂ ಸೇರಿಸಿ?’

‘ಸೇರಿಸಿ.’

ಅವರು ದೀಪ ಉಜ್ಜುವುದನ್ನು ನಿಲ್ಲಿಸಲಿಲ್ಲ. ಆಮೇಲಿನ ಶುಕ್ರವಾರಗಳಲ್ಲಿ ನಿಮಗಾಗಿಯೇ ಕೇಳಿದೆವು ಎಂದು ಹೇಳಲು ಬಾಯಿ ತೆರೆದೆ. ಈಗ ಅದನ್ನು ಹೇಳಿದರೆ ವ್ಯಾಪಾರದ ಮಾತಾಗುತ್ತದೆ ಎನಿಸಿ ಮುಚ್ಚಿಕೊಂಡೆ. ಆ ದೀಪ ಮುಗಿದ ಮೇಲೆ ಅವರೇ, ಹೋಗಿ ಟೀಚರ್, ಆಮೇಲೆ ಮಾತಾಡೋಣ ಎಂದರು. ನನ್ನ ಕೈಯಲ್ಲಿದ್ದ ದೀಪವನ್ನು ತೆಗೆದುಕೊಂಡು ತಾವೇ ಉಜ್ಜಲು ತೊಡಗಿದರು.

ಆಮೇಲೆ ಮಾತಾಡಲಿಲ್ಲ. ಅಗ್ರಿಮೆಂಟಿನ ಸುದ್ದಿ ಬರಲಿಲ್ಲ. ಶುಕ್ರವಾರ ಬಂದಾಗ ಪ್ರಾರ್ಥನೆ ಎಲ್ಲಿ ಇಟ್ಟುಕೊಳ್ಳೋಣ ಎಂದು ಹಿರಿಯರು ಮೆಲ್ಲಗೆ ಕೇಳಿದರು. ಇಲ್ಲೇ ಎಂದೆ. ಅವತ್ತು ಕಿಟಕಿ ತೆರೆದು ನೋಡಿದರೆ ಗೇಟಿನ ಪಕ್ಕದ ಕುರ್ಚಿ ಖಾಲಿ. ಯಜಮಾನರು ಕಿಟಕಿ ಮುಚ್ಚಲು ಹೋದರು, ಬೇಡ ಎಂದೆ. ಆವತ್ತಿನ ಪ್ರಾರ್ಥನೆಯನ್ನು ನಾನೇ ನಡೆಸಿದೆ. ಅವರ ಎದೆ, ಅವರ ತೋಳು, ಡಾಕ್ಟರ ಕೈ, ಮತ್ತಿನ ಔಷಧಿ, ಜಡೆ, ಒಂದನ್ನೂ ಬಿಡದೆ ಕೇಳಿದೆ. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಗೊತ್ತಿದ್ದರಿಂದ ಭಾಷೆ ಚೆನ್ನಾಗಿರಬೇಕೆಂಬ ಚಿಂತೆಯೂ ಇರಲಿಲ್ಲ.

ದೀಪಾವಳಿಯ ಮರುದಿನ ಮಗಳು ಬಂದು ಆಂಟಿಯನ್ನು ಕರೆದುಕೊಂಡು ಹೋದಳು. ಆಪರೇಷನ್ ಚೆನ್ನಾಗಿ ಆಯಿತೆಂದು ಫೋನಿನಲ್ಲಿ ತಿಳಿಸಿದಳು. ಹದಿನೈದು ದಿನ ಬಿಟ್ಟು ಮತ್ತೆ ಫೋನ್ ಮಾಡಿ, ಮನೆ ಬೇರೆಯವರಿಗೆ ಒಪ್ಪಂದವಾಗಿದೆ, ಜನವರಿಯೊಳಗೆ ಬೇರೆ ಮನೆ ನೋಡಿಕೊಳ್ಳಿ ಎಂದಳು. ಒಂದು ಮಾತೂ ಹೆಚ್ಚು ಕಡಿಮೆಯಾಗದಂತೆ ಮರ್ಯಾದೆಯಿಂದ ಹೇಳಿದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿಜ ಹೇಳಿದವಳಿಗೆ ಸಿಗುವ ಸಮಾಧಾನ ಗಿಮಾಧಾನ ಏನೂ ಇರಲಿಲ್ಲ. ಮನೆ ಹೋಯಿತಲ್ಲ ಎಂದು ಅತ್ತೆ. ಯಜಮಾನರು ಬುದ್ಧಿ ಹೇಳಲು ಬರಲಿಲ್ಲ, ಕಾಫಿ ಮಾಡಿ ತಂದರು. ‘ಹೇಳ್ಬೇಡ ಅಂದಿದ್ದೆ. ಹೇಳಿದ್ದೇ ಒಳ್ಳೇದಾಯ್ತು’ ಎಂದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದ ದಿನ ಇನ್ನೊಂದಿಲ್ಲ.

ತಲಘಟ್ಟಪುರದಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ಎರಡನೆಯ ಮಹಡಿ, ಹಿಂದಿನದಕ್ಕಿಂತ ಒಂದು ಕೋಣೆ ಕಡಿಮೆ. ಸಾಮಾನು ಸಾಗಿಸುವ ಮುಂಚೆ ಒಂದು ಸಲ ಆಂಟಿಯನ್ನು ನೋಡಿ ಬರಬೇಕೆಂದು ಹುಳಿಮಾವಿಗೆ ಹೊರಟೆ. ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರೆ ಹಾಗೇ ವಾಪಸ್ಸು ಬರುವುದು ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ.

ಆಂಟಿ ಹಾಲಿನ ಗೋಡೆಗೆ ಎದುರಾಗಿ ನಿಂತಿದ್ದರು. ಎಡಗೈಯ ಬೆರಳುಗಳನ್ನು ಗೋಡೆಯ ಮೇಲೆ ಒಂದೊಂದಾಗಿ ಮೇಲಕ್ಕೆ ನಡೆಸುತ್ತಿದ್ದರು. ತೋಳು ಬಿಗಿಯದಿರಲಿ ಎಂದು ಡಾಕ್ಟರು ಹೇಳಿಕೊಟ್ಟ ವ್ಯಾಯಾಮವಂತೆ. ಎಲ್ಲಿಯವರೆಗೆ ಮುಟ್ಟಿತೋ ಅಲ್ಲಿಗೆ ಮಗಳು ದಿನವೂ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದಳು. ಗೆರೆಗಳು ಅವರ ಕಿವಿಯ ಎತ್ತರಕ್ಕೆ ಬಂದಿದ್ದವು. ನನ್ನನ್ನು ನೋಡಿ, ಬೆರಳು ಇಳಿಸದೆ, ಕೂತ್ಕೊಳ್ಳಿ ಟೀಚರ್ ಎಂದರು. ಅವತ್ತಿನ ಗೆರೆ ಬಿದ್ದ ಮೇಲೆ ಬಂದು ಎದುರಿಗೆ ಕೂತರು. ಮುಂದೆ ಇನ್ನೂ ಔಷಧಿಯಿದೆ, ಕೂದಲು ಉದುರುತ್ತದಂತೆ, ಸದ್ಯಕ್ಕೆ ಡಾಕ್ಟರು ಧೈರ್ಯ ಹೇಳಿದ್ದಾರೆ ಎಂದರು. ನಾನು ನಮ್ಮ ಹೊಸ ಮನೆಯ ವಿಷಯ ಹೇಳಿದೆ. ನೀರು ಹೇಗೆ ಎಂದು ಕೇಳಿದರು. ಪರವಾಗಿಲ್ಲ, ದಿನ ಬಿಟ್ಟು ದಿನ ಟ್ಯಾಂಕರ್ ಬರುತ್ತದೆ ಎಂದೆ.

‘ಅವತ್ತು ನಿಮ್ಮ ಮೇಲೆ ಸಿಟ್ಟು ಬಂದಿದ್ದು ನಿಜ ಟೀಚರ್’ ಎಂದರು ಕೊನೆಗೆ. ‘ಮನೆ ನಿಮಗೆ ಕೊಡಬಾರ್ದು ಅಂತಾನೇ ಬೇರೆಯವರಿಗೆ ಕೊಡಿಸ್ದೆ. ಅದಕ್ಕೆ ನಾನು ಸಾರಿ ಹೇಳಲ್ಲ.’

ಬೇಡ ಆಂಟಿ ಎಂದೆ.

‘ಆಪರೇಷನ್ ದಿನ ತಳ್ಳೋ ಮಂಚದ ಮೇಲೆ ಮಲಗಿಸಿ ಅರ್ಧ ಗಂಟೆ ಹೊರಗಡೆ ಬಿಟ್ಟಿದ್ರು. ಯಾರ್ಯಾರು ನನಗೋಸ್ಕರ ಕೇಳ್ಕೊಳ್ತಿದ್ದಾರೆ ಅಂತ ಒಬ್ಬೊಬ್ಬರನ್ನೇ ನೆನೆಸ್ಕೊಂಡೆ. ಎಲ್ಲರಿಗೂ ನನ್ನಿಂದ ಏನಾದ್ರೂ ಒಂದು ಆಗಬೇಕಿತ್ತು. ಮಗಳಿಗೆ ಅಮ್ಮ ಬೇಕು, ಮೊಮ್ಮಗೂಗೆ ಅಜ್ಜಿ ಬೇಕು, ಅದೇನು ತಪ್ಪಲ್ಲ. ನಿಮಗೆ ಮಾತ್ರ ಏನೂ ಆಗಬೇಕಿರ್ಲಿಲ್ಲ. ಮನೆ ಕೈ ಬಿಟ್ಟು ಹೋಗಿತ್ತು. ಆದ್ರೂ ಆ ಶುಕ್ರವಾರ ಕಿಟಕಿ ತೆಗೆದಿಟ್ಟು ಕೇಳ್ಕೊಂಡ್ರಿ. ನಾನು ಒಳಗಡೆ ಲೈಟ್ ಆರಿಸ್ಕೊಂಡು ಕೂತು ಎಲ್ಲಾ ಕೇಳಿಸ್ಕೊಂಡೆ. ಮತ್ತಿನ ಇಂಜೆಕ್ಷನ್ ಕೊಡೋವಾಗ ಅದೇ ನನ್ನ ಕಿವೀಲಿತ್ತು.’

ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತೆ. ಅವರು ತಮ್ಮ ಎಡಗೈಯನ್ನೇ, ಇನ್ನೂ ಪೂರ್ತಿ ಎತ್ತಲಾಗದ ಕೈಯನ್ನೇ, ನನ್ನ ಮಡಿಲಿಗಿಟ್ಟರು. ಹೊರಡುವಾಗ ಗೇಟಿನವರೆಗೆ ಬಂದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹುಳಿಮಾವಿನಿಂದ ಬನಶಂಕರಿಯವರೆಗೆ ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳುತ್ತಲೇ ಇದ್ದೆ. ಏನೂ ಕೇಳಲಿಲ್ಲ. ನನ್ನ ಪ್ರಾರ್ಥನೆಯಿಂದ ಒಬ್ಬರಿಗೆ ಧೈರ್ಯ ಬಂದಿತ್ತು. ಅದನ್ನು ನಾನು ಕೇಳಿ ಪಡೆದದ್ದಲ್ಲ, ಕೇಳಿದ್ದು ಸಿಗದೆ ಹೋದದ್ದರಿಂದ ಸಿಕ್ಕಿದ್ದು. ಮನೆಯ ಆಸೆ ಸತ್ತಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಇವತ್ತಿಗೂ ಹೊಸಮನೆ ಪ್ರತಿಷ್ಠೆಗೆ ಹೋದರೆ ಕಣ್ಣು ನೆಲದ ಟೈಲ್ಸಿನ ಕಡೆ ಹೋಗುತ್ತದೆ. ಆದರೆ ಆ ದಿನ ಬನಶಂಕರಿಯಲ್ಲಿ ಬಸ್ಸು ಇಳಿದಾಗ, ನಿನಗೆ ದೇವರು ಏನು ಕೊಟ್ಟಿದ್ದಾನೆ ಎಂದು ಯಾರಾದರೂ ಕೇಳಿದ್ದರೆ, ಒಂದು ಪದವನ್ನೂ ನುಂಗದೆ ಪೂರ್ತಿ ಹೇಳುತ್ತಿದ್ದೆ.